ಬಡಾವಣೆಯ ನಿಯಾಪೊಲಿಟನ್ ಪಿಜ್ಜಾ ಹೋಟೆಲಿಗೆ ಹೋಗಿ ಬರುವ ಕ್ರಮ

ನಾನು ಮೊದಲ ಸಲ ನಿಯಾಪೊಲಿಟನ್ ಪಿಜ್ಜಾ, ಅಂದರೆ ಇಟಲಿಯ ನೇಪಲ್ಸ್ ಊರಿನ ಪದ್ಧತಿಯ ಪಿಜ್ಜಾ, ತಿಂದದ್ದು ಮನೆಯಲ್ಲಿ. ತಪ್ಪಾಗಿದ್ದೇ ಅಲ್ಲಿ. ಎರಡು ಡಬ್ಬ ಪಾರ್ಸೆಲ್ ಕಟ್ಟಿಸಿ, ಸ್ಕೂಟರಿನಲ್ಲಿ ಕಾಲ ಹತ್ತಿರ ನೆಟ್ಟಗೆ ನಿಲ್ಲಿಸಿಕೊಂಡು, ಮೈಸೂರಿನ ಗೋಕುಲಂನಿಂದ ಕುವೆಂಪುನಗರಕ್ಕೆ ತಂದೆ. ದಾರಿಯಲ್ಲಿ ಪೆಟ್ರೋಲ್ ಬಂಕಿಗೆ ಬೇರೆ ಹೋಗಿದ್ದೆ. ಮನೆಗೆ ಬಂದು ಮುಚ್ಚಳ ತೆಗೆದರೆ ಚೀಸೆಲ್ಲ ಒಂದು ಮೂಲೆಗೆ ಜಾರಿ ಮುದ್ದೆಯಾಗಿತ್ತು, ರೊಟ್ಟಿ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಅಪ್ಪ ಒಂದು ತುಂಡು ಎತ್ತಿ ನೋಡಿ, "ಇದಕ್ಕಿಂತ ನೆನ್ನೆ ಚಪಾತಿ ವಾಸಿ ಕಣೋ" ಅಂದರು. ಹೋಟೆಲಿನವರ ತಪ್ಪೇನೂ ಇರಲಿಲ್ಲ. ಮಸಾಲೆ ದೋಸೆ ಕಟ್ಟಿಸಿಕೊಂಡು ಬಂದು ಗರಿಗರಿ ಇಲ್ಲ ಅಂತ ಗೊಣಗಿದ ಹಾಗಾಯಿತು ನನ್ನ ಕಥೆ.

ಆಮೇಲೆ ಅಲ್ಲೇ ಹೋಗಿ ಕೂತು ತಿನ್ನುವುದನ್ನು ರೂಢಿ ಮಾಡಿಕೊಂಡೆ. ಯೋಗ ಕಲಿಯಲು ಬರುವ ವಿದೇಶಿಯರ ದೆಸೆಯಿಂದ ಗೋಕುಲಂ ಕಡೆ ಕೆಫೆಗಳಿಗೆ ಬರವಿಲ್ಲ. ಈಗೀಗ ನಮ್ಮಂಥವರು ಮನೆಮಂದಿಯನ್ನೆಲ್ಲ ಕರೆದುಕೊಂಡು ಪಿಜ್ಜಾಕ್ಕೆ ಹೋಗುವುದೂ ಮೈಸೂರಿನಲ್ಲಿ ಮಾಮೂಲಾಗಿದೆ. ಹಾಗೆ ಹೋಗುವವರಿಗೆ, ಅದರಲ್ಲೂ ಮನೆಯ ಹಿರಿಯರನ್ನು ಮೊದಲ ಸಲ ಕರೆದೊಯ್ಯುವವರಿಗೆ, ನಾನು ತಪ್ಪು ಮಾಡಿ ಮಾಡಿ ಕಲಿತ ಕ್ರಮ ಇದು.

ಯಾವ ಪಿಜ್ಜಾ ಅಂತ ಫೋನಿನಲ್ಲೇ ತಿಳಿದುಕೊಳ್ಳಿ

ಬೋರ್ಡಿನಲ್ಲಿ 'ವುಡ್ ಫೈರ್ಡ್' ಅಂತ ಇದ್ದ ಮಾತ್ರಕ್ಕೆ ಅದು ನಿಯಾಪೊಲಿಟನ್ ಆಗುವುದಿಲ್ಲ. ಸೌದೆ ಒಲೆಯಲ್ಲಿ ಯಾವ ಪಿಜ್ಜಾ ಬೇಕಾದರೂ ಸುಡಬಹುದು. ಇಟಲಿಯ ನೇಪಲ್ಸ್ ಊರಿನ ಪಿಜ್ಜಾದವರು 1984ರಲ್ಲಿ ಸಂಘ ಕಟ್ಟಿಕೊಂಡು ಇದಕ್ಕೊಂದು ಕಟ್ಟಳೆ ಬರೆದಿಟ್ಟಿದ್ದಾರೆ. ಹಿಟ್ಟಿಗೆ ನುಣ್ಣನೆಯ ಗೋಧಿ ಹಿಟ್ಟು, ನೀರು, ಉಪ್ಪು, ಯೀಸ್ಟ್, ಇಷ್ಟೇ. ಎಣ್ಣೆ, ಸಕ್ಕರೆ, ಹಾಲು ಸೇರಿಸುವ ಹಾಗಿಲ್ಲ. ಲಟ್ಟಣಿಗೆ ಮುಟ್ಟುವ ಹಾಗಿಲ್ಲ, ಕೈಯಲ್ಲೇ ತಟ್ಟಿ ಅಗಲ ಮಾಡಬೇಕು. ನಡುಭಾಗ ಕಾಲು ಸೆಂಟಿಮೀಟರ್ ದಪ್ಪ, ಅಂಚು ಒಂದೆರಡು ಸೆಂಟಿಮೀಟರ್ ಉಬ್ಬಿರಬೇಕು. ಅಗಲ 35 ಸೆಂಟಿಮೀಟರ್ ದಾಟಬಾರದು. ಒಲೆಯ ಗುಮ್ಮಟ 485 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದಿರಬೇಕು, ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಹೊರಗೆ ಬರಬೇಕು. ಐರೋಪ್ಯ ಒಕ್ಕೂಟ 2010ರಲ್ಲಿ ಈ ಪಿಜ್ಜಾವನ್ನು ಸಾಂಪ್ರದಾಯಿಕ ತಿನಿಸೆಂದು ದಾಖಲಿಸಿತು. 2017ರಲ್ಲಿ ಯುನೆಸ್ಕೋ ನೇಪಲ್ಸಿನ ಪಿಜ್ಜಾಗಾರರ ಕಲೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಬಡಾವಣೆಯ ಹೋಟೆಲಿನವರ ಹತ್ತಿರ ಸರ್ಟಿಫಿಕೇಟ್ ಇದೆಯೇ ಅಂತ ಕೇಳಬೇಕಾಗಿಲ್ಲ. ಟೇಬಲ್ ಹೇಳಲು ಫೋನ್ ಮಾಡಿದಾಗ ಎರಡೇ ಪ್ರಶ್ನೆ ಕೇಳಿ: ಒಲೆಯಲ್ಲಿ ಎಷ್ಟು ಹೊತ್ತು ಇಡುತ್ತೀರಿ? ಹಿಟ್ಟು ಯಾವಾಗ ಕಲಸಿದ್ದು? "ಒಂದೂವರೆ ನಿಮಿಷ ಸಾರ್", "ನೆನ್ನೆ ಕಲಸಿದ್ದು" ಅಂತ ಉತ್ತರ ಬಂದರೆ ನೀವು ಸರಿಯಾದ ಕಡೆಗೇ ಫೋನ್ ಮಾಡಿದ್ದೀರಿ. "ಹದಿನೈದು ನಿಮಿಷ ಆಗುತ್ತೆ" ಅಂದರೆ ಅದು ಬೇರೆ ಬಗೆಯ ಪಿಜ್ಜಾ. ಅದೂ ಚೆನ್ನಾಗಿಯೇ ಇರಬಹುದು, ಆದರೆ ಇಲ್ಲಿ ಬರೆದದ್ದು ಅದಕ್ಕೆ ಹೊಂದುವುದಿಲ್ಲ.

ಹಿಟ್ಟಿನ ಪ್ರಶ್ನೆ ಯಾಕೆ ಅಂತ ದೋಸೆ ಹಿಟ್ಟು ರುಬ್ಬುವ ಮನೆಯವರಿಗೆ ಹೇಳಬೇಕಾಗಿಲ್ಲ. ಹುದುಗಲು ಹೊತ್ತು ಸಿಗದ ಹಿಟ್ಟಿಗೆ ರುಚಿ ಬರುವುದಿಲ್ಲ, ಅಂಚು ಉಬ್ಬುವುದಿಲ್ಲ, ಮೈದಾ ಜಗಿದ ಹಾಗಿರುತ್ತದೆ. ಕನಿಷ್ಠ ಎಂಟು ಗಂಟೆಯಾದರೂ ಬೇಕು. ಫ್ರಿಜ್ಜಿನಲ್ಲಿಟ್ಟು ಎರಡು ದಿನ ಮಾಗಿಸುವವರೂ ಇದ್ದಾರೆ. ಡಿಸೆಂಬರ್ ಚಳಿಯಲ್ಲಿ ನಮ್ಮ ದೋಸೆ ಹಿಟ್ಟು ಮೊಂಡು ಹಿಡಿಯುವ ಹಾಗೆ ಅವರದೂ ಮೊಂಡು ಹಿಡಿಯುತ್ತದೆ.

ಸೌದೆಯ ಬದಲು ಗ್ಯಾಸ್ ಒಲೆ ಇದ್ದರೆ ಮೂಗು ಮುರಿಯಬೇಡಿ. ಇಷ್ಟು ಕಾವು ಹಿಡಿಯುವ ಗ್ಯಾಸ್ ಒಲೆಗಳನ್ನು ನೇಪಲ್ಸಿನ ಸಂಘವೂ ಒಪ್ಪಿದೆ. ಎಣಿಕೆಗೆ ಬರುವುದು ಕಾವು. ಇಷ್ಟು ಕಾವಿನಲ್ಲಿ ಹಿಟ್ಟಿನೊಳಗಿನ ನೀರು ತಟ್ಟನೆ ಆವಿಯಾಗಿ ಅಂಚನ್ನು ಪೂರಿಯ ಹಾಗೆ ಉಬ್ಬಿಸುತ್ತದೆ. ಒಳಗೆ ಒಣಗುವಷ್ಟು ಹೊತ್ತು ಮಾತ್ರ ಸಿಗುವುದಿಲ್ಲ. ಮನೆಯ ಓವನ್ 250 ಡಿಗ್ರಿಗೆ ಸುಸ್ತಾಗುವುದರಿಂದ ಅಲ್ಲಿ ಏಳೆಂಟು ನಿಮಿಷ ಬೇಯಿಸಬೇಕು, ಅಷ್ಟರಲ್ಲಿ ರೊಟ್ಟಿ ರಸ್ಕಿನ ದಾರಿ ಹಿಡಿದಿರುತ್ತದೆ.

ಹೊತ್ತು ಮತ್ತು ಜಾಗ

ವಾರದ ದಿನ, ಹೋಟೆಲು ಬಾಗಿಲು ತೆಗೆದ ಅರ್ಧ ಗಂಟೆಗೆ ಹೋಗಿ. ಬಾಗಿಲು ತೆಗೆದ ತಕ್ಷಣ ನುಗ್ಗಿದರೆ ಒಲೆಯ ನೆಲ ಇನ್ನೂ ಹದಕ್ಕೆ ಬಂದಿರದೆ, ಮೇಲೆ ಬಣ್ಣ ಬಂದರೂ ತಳ ಬಿಳಿಚಿಕೊಂಡಿರಬಹುದು. ಭಾನುವಾರ ಎಂಟು ಗಂಟೆಗೆ ಹೋದರೆ ಅದರದೇ ಇನ್ನೊಂದು ರೂಪ: ಒಂದರ ಹಿಂದೊಂದು ಪಿಜ್ಜಾ ಬಿದ್ದು ನೆಲದ ಕಾವು ಇಳಿದಿರುತ್ತದೆ, ಅದು ಮತ್ತೆ ಏರುವಷ್ಟು ಬಿಡುವು ಒಲೆಯವನಿಗೆ ಇರುವುದಿಲ್ಲ. ದಸರೆಯ ಹತ್ತು ದಿನ ಮೈಸೂರಿನವರು ಮನೆಯಲ್ಲೇ ಪುಳಿಯೋಗರೆ ತಿನ್ನುವುದು ಒಳ್ಳೆಯದು.

ಗಾಡಿ ನಿಲ್ಲಿಸುವಾಗ ನೋಡಿಕೊಳ್ಳಿ. ಇವೆಲ್ಲ ವಾಸದ ಮನೆಗಳಿರುವ ಬೀದಿಗಳು. ಯಾರದೋ ಗೇಟಿಗೆ ಅಡ್ಡ ಕಾರು ನಿಲ್ಲಿಸಿ ಒಳಗೆ ಹೋದರೆ ಪಿಜ್ಜಾ ಬಾಯಿಗಿಡುವ ಹೊತ್ತಿಗೆ ಸರಿಯಾಗಿ, "ಕೆಎ 09, ಬಿಳಿ ಕಾರು ಯಾರದು?" ಅಂತ ಕೂಗು ಬರುತ್ತದೆ. ನೀವು ಎದ್ದು ಹೋಗಿ ಬರುವಷ್ಟರಲ್ಲಿ ತಟ್ಟೆ ತಣ್ಣಗಾಗಿರುತ್ತದೆ.

ಒಲೆ ಕಾಣುವ ಕಡೆ ಕೂರಿ. ಮಕ್ಕಳಿಗೆ ಮೊಬೈಲ್ ಕೊಡಬೇಕಾಗಿಲ್ಲ ಅನ್ನುವುದು ಒಂದು ಲಾಭ. ಒಲೆಯವನು ಉಂಡೆಯನ್ನು ಬೆರಳ ತುದಿಯಿಂದ ನಡುವಿನಿಂದ ಹೊರಕ್ಕೆ ಒತ್ತುತ್ತ ಗಾಳಿಯನ್ನೆಲ್ಲ ಅಂಚಿಗೆ ಅಟ್ಟುತ್ತಾನೆ. ಎಡಗೈ ಹಿಡಿದು, ಬಲಗೈ ಎಳೆದು ತಿರುವಿ ಬಡಿದು ನಾಲ್ಕೈದು ಬಡಿತದಲ್ಲಿ ತಟ್ಟೆಯಗಲ ಮಾಡುತ್ತಾನೆ. ಒಲೆಗೆ ತಳ್ಳಿದ ಮೇಲೆ ಉದ್ದ ಹಿಡಿಯ ಸಣ್ಣ ಸಲಿಕೆಯಿಂದ ಒಂದೇ ಜಾಗದಲ್ಲಿ ತಿರುಗಿಸುತ್ತಾನೆ. ಅಷ್ಟರಲ್ಲಿ ಅದು ಆಗಿಯೇ ಹೋಗಿರುತ್ತದೆ. ಇನ್ನೊಂದು ಲಾಭ ಅಂದರೆ ತಟ್ಟೆ ನಿಮ್ಮ ಮೇಜಿಗೆ ಬೇಗ ಬರುತ್ತದೆ.

ಏನು ಹೇಳಬೇಕು, ಎಷ್ಟು ಹೇಳಬೇಕು

ಮೊದಲ ಸಲವಾದರೆ ಮಾರ್ಗರೀಟಾ ಹೇಳಿ. ಟೊಮೆಟೊ, ಮೊಝರೆಲ್ಲಾ ಚೀಸ್, ಬೇಸಿಲ್ ಎಲೆ, ಆಲಿವ್ ಎಣ್ಣೆ ಬಿಟ್ಟರೆ ಅದರಲ್ಲಿ ಇನ್ನೇನೂ ಇರುವುದಿಲ್ಲ, ಹಾಗಾಗಿ ಯಾವುದನ್ನೂ ಮುಚ್ಚಿಡಲು ಆಗುವುದಿಲ್ಲ. ಹೊಸ ಹೋಟೆಲಿನಲ್ಲಿ ಇಡ್ಲಿ ತಿಂದು ನೋಡುವುದಿಲ್ಲವೇ, ಹಾಗೆ. 1889ರಲ್ಲಿ ರಾಣಿ ಮಾರ್ಗರೀಟಾ ನೇಪಲ್ಸಿಗೆ ಬಂದಾಗ ರಫಾಯೆಲ್ಲೆ ಎಸ್ಪೊಸಿಟೊ ಅನ್ನುವವನು ಇಟಲಿಯ ಬಾವುಟದ ಮೂರು ಬಣ್ಣ ಬರುವಂತೆ ಇದನ್ನು ಮಾಡಿಕೊಟ್ಟ ಅನ್ನುವ ಕಥೆ ಮೆನುವಿನ ಹಿಂದೆ ಅಚ್ಚಾಗಿರುತ್ತದೆ. ಇತಿಹಾಸಕಾರರು ಇದನ್ನು ಪೂರ್ತಿ ನಂಬುವುದಿಲ್ಲ. ಕಾಯುವಾಗ ಓದಲು ಚೆನ್ನಾಗಿದೆ.

ಆ ಬೇಸಿಲ್ ಎಲೆ ನಮಗೆ ಹೊಸದೇನಲ್ಲ, ನಮ್ಮ ಕಾಮಕಸ್ತೂರಿ. ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ಅದರ ಗಮಲು ಮೂಗಿಗೆ ಬಡಿದಿರುತ್ತದೆ. ಪಿಜ್ಜಾ ಮೇಲೆ ಉದುರಿಸುವ ಒರಿಗ್ಯಾನೊ ಸೊಪ್ಪು ಕೂಡ ಅಷ್ಟೇ, ಮಲ್ಲಿಗೆಯ ಜೊತೆ ಕಟ್ಟುವ ಮರುಗದ ಹತ್ತಿರದ ನೆಂಟ. ನಮ್ಮತ್ತೆಗೆ ಇದನ್ನು ಹೇಳಿದ್ದೇ ತಡ, ತಟ್ಟೆಯ ಎಲೆಯನ್ನು ಎತ್ತಿ ಮೂಸಿ ನೋಡಿ, "ಮುಡಿಯೋದನ್ನ ತಿಂತಾರಲ್ಲೋ" ಅಂತ ನಕ್ಕರು. ಆಮೇಲೆ ತಿಂದರು.

ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೂ ಮಾರ್ಗರೀಟಾ ಆಗಬಹುದು. ದೊಡ್ಡ ಕಂಪನಿಗಳ ಪಿಜ್ಜಾ ಸಾಸಿನಲ್ಲಿ ಬೆಳ್ಳುಳ್ಳಿ ಸಾಮಾನ್ಯ. ನಿಯಾಪೊಲಿಟನ್ ಪದ್ಧತಿಯಲ್ಲಿ ಮಾತ್ರ ಸಾಸು ಅಂತ ಬೇಯಿಸಿಡುವುದೇ ಇಲ್ಲ. ಸಿಪ್ಪೆ ತೆಗೆದ ಟೊಮೆಟೊವನ್ನು ಉಪ್ಪು ಹಾಕಿ ಹಿಸುಕಿರುತ್ತಾರೆ. ಆದರೂ ಒಂದು ಮಾತು ಕೇಳಿಬಿಡಿ. ಬೆಳ್ಳುಳ್ಳಿ ಬೇಕೇ ಬೇಕು ಅನ್ನುವವರಿಗೆ ಮರಿನಾರಾ ಇದೆ: ಟೊಮೆಟೊ, ಬೆಳ್ಳುಳ್ಳಿ, ಒರಿಗ್ಯಾನೊ, ಎಣ್ಣೆ. ಹೆಸರಿನಲ್ಲಿ ಸಮುದ್ರದ ಸದ್ದಿದ್ದರೂ ಮೀನಿಲ್ಲ, ಚೀಸೂ ಇಲ್ಲ. ಚೀಸಿಲ್ಲದ ಪಿಜ್ಜಾಕ್ಕೆ ದುಡ್ಡು ಕೊಡುವುದೇ ಅಂತ ನಾನು ವರ್ಷಗಟ್ಟಲೆ ಮುಟ್ಟಿರಲಿಲ್ಲ. ಈಗ ನನ್ನ ಮೊದಲ ಆಯ್ಕೆ ಅದೇ.

ಕಟ್ಟುನಿಟ್ಟಿನ ಸಸ್ಯಾಹಾರಿಗಳು ಚೀಸಿನ ಬಗ್ಗೆ ವಿಚಾರಿಸಲೇಬೇಕು. ಹಾಲು ಒಡೆಯಲು ಹಾಕುವ ರೆನೆಟ್ ಅನ್ನುವ ವಸ್ತುವನ್ನು ಹಳೆಯ ಪದ್ಧತಿಯಲ್ಲಿ ಕರುವಿನ ಹೊಟ್ಟೆಯಿಂದ ತೆಗೆಯುತ್ತಾರೆ. ನಮ್ಮ ದೇಶದಲ್ಲಿ ತಯಾರಾಗುವ ಚೀಸಿಗೆ ಬಹುಮಟ್ಟಿಗೆ ಸೂಕ್ಷ್ಮಜೀವಿಗಳಿಂದ ಮಾಡಿದ ರೆನೆಟ್ ಬಳಸುತ್ತಾರೆ, ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುತ್ತದೆ. ಇಟಲಿಯಿಂದ ಬರುವ ಪಾರ್ಮಿಜಾನೊ ರೆಜ್ಜಾನೊ ಅನ್ನುವ ಗಟ್ಟಿ ಚೀಸಿಗೆ ಮಾತ್ರ ಕರುವಿನ ರೆನೆಟ್ಟೇ ಆಗಬೇಕು ಅನ್ನುವುದು ಕಾಯಿದೆ. ಅದನ್ನು ಮೇಲೆ ತುರಿದು ಉದುರಿಸುವ ಅಭ್ಯಾಸ ಉಂಟು. 'ವೆಜ್' ಅಂತ ಬರೆದಿದ್ದರೂ "ಮೇಲೆ ತುರಿಯುವ ಚೀಸ್ ಯಾವುದು?" ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಂಸ ತಿನ್ನುವವರು ದಿಯಾವೋಲಾ ಅನ್ನುವ ಪಿಜ್ಜಾದಲ್ಲಿ ಯಾವ ಮಾಂಸ ಅಂತ ಕೇಳಬೇಕು. ಇಟಲಿಯಲ್ಲಿ ಅದು ಖಾರದ ಹಂದಿ ಸಲಾಮಿ, ಇಲ್ಲಿ ಕೋಳಿಯೂ ಆಗಿರಬಹುದು.

ಡಬಲ್ ಚೀಸ್ ಮಾತ್ರ ಕೇಳಬೇಡಿ. ಒಂದೂವರೆ ನಿಮಿಷದಲ್ಲಿ ಮೊಝರೆಲ್ಲಾದ ನೀರು ಆರುವುದಿಲ್ಲ. ಅದನ್ನು ಎರಡರಷ್ಟು ಹಾಕಿದರೆ ತೆಳು ನಡುಭಾಗ ಸಾರಿನಲ್ಲಿ ಮುಳುಗಿದ ಅಪ್ಪಳವಾಗುತ್ತದೆ. ಕ್ಯಾಪ್ಸಿಕಂ, ಜೋಳ, ಅಣಬೆ, ಪನೀರ್ ಎಲ್ಲ ಒಟ್ಟಿಗೆ ಹೇರಿಸುವುದೂ ಬೇಡ. ಎಲ್ಲ ಬೇಕು ಅನ್ನಿಸಿದರೆ ಎರಡು ಬಗೆ ತರಿಸಿ ಹಂಚಿಕೊಳ್ಳಿ. ಕಾಲ್ಝೋನೆ ಅಂದರೆ ಹೂರಣ ಒಳಗಿಟ್ಟು ಮಡಚಿದ, ಕರ್ಜಿಕಾಯಿ ಆಕಾರದ ಪಿಜ್ಜಾ. ಪುಟ್ಟ ಮಕ್ಕಳ ಕೈಗೆ ಕೊಡಬೇಡಿ, ಒಳಗಿನ ಹಬೆ ಕೈ ಸುಡುತ್ತದೆ.

ಲೆಕ್ಕ ಹೀಗೆ: ನೇಪಲ್ಸಿನಲ್ಲಿ ತಲೆಗೊಂದು ಪಿಜ್ಜಾ. ನಮ್ಮದು ಬೈ ಟು ಕಾಫಿಯ ಸಂಸ್ಕಾರ, ಹಂಚಿಕೊಂಡರೇ ತೃಪ್ತಿ. ನಾಲ್ಕು ಜನಕ್ಕೆ ಮೂರು ಸಾಕು. ಮೂರನ್ನೂ ಒಟ್ಟಿಗೆ ಹೇಳಬೇಡಿ. ಒಂದು ಬರಲಿ, ಮುಗಿಯುತ್ತ ಬಂದಾಗ ಇನ್ನೊಂದು ಹೇಳಿ. ಒಂದೂವರೆ ನಿಮಿಷದ ಅಡಿಗೆಗೆ ಮುಂಗಡ ಆರ್ಡರ್ ಯಾಕೆ ಬೇಕು? ರಷ್ ಇದ್ದರೆ ಸಪ್ಲೈಯರ್‌ಗೆ ಮೊದಲೇ, "ಒಂದೊಂದಾಗಿ ತಂದುಕೊಡಪ್ಪ" ಅಂದುಬಿಡಿ.

ತಟ್ಟೆ ಬಂದ ಮೇಲೆ

ಇಲ್ಲಿ ನಮ್ಮ ಒಂದು ಒಳ್ಳೆಯ ಅಭ್ಯಾಸವೇ ಅಡ್ಡ ಬರುತ್ತದೆ. ಎಲ್ಲರಿಗೂ ಬಡಿಸಿದ ಮೇಲೆ ಎಲ್ಲರೂ ಒಟ್ಟಿಗೆ ಕೈ ಹಾಕುವುದು. ಪಿಜ್ಜಾ ವಿಷಯದಲ್ಲಿ ಅದು ಬೇಡ. ಮನೆಯಲ್ಲಿ ದೋಸೆ ಹುಯ್ಯುವಾಗ ಹೆಂಚಿನಿಂದ ಇಳಿದದ್ದನ್ನು ತಿನ್ನಲು ಯಾರು ಯಾರಿಗೆ ಕಾಯುತ್ತಾರೆ? ಅದೇ ಲೆಕ್ಕ. ಬಂದದ್ದನ್ನು ನಡುವೆ ಇಡಿ, ಬಾಯಿ ಸುಡದಷ್ಟು ಅರ್ಧ ನಿಮಿಷ ಬಿಡಿ, ಶುರು ಮಾಡಿ. ಫೋಟೋ ಒಂದು ಸಾಕು.

ಅಂಚಿನ ಮೇಲೆ ಕಪ್ಪು ಚುಕ್ಕೆ ಕಾಣುತ್ತದೆ. ನಮ್ಮಪ್ಪ ಮೊದಲ ಸಲ ನೋಡಿ ಸಪ್ಲೈಯರ್ ಹುಡುಗನನ್ನು ಕರೆದು, "ಏನಪ್ಪಾ, ಸೀದುಹೋಗಿದೆಯಲ್ಲ" ಅಂದರು. ಆ ಹುಡುಗ ಮಳವಳ್ಳಿ ಕಡೆಯವನು, "ಸಾರ್, ಕೆಂಡದ ಮೇಲೆ ಸುಟ್ಟ ರೊಟ್ಟಿ ತಿಂದಿದ್ದೀರಲ್ಲ, ಅದೇ ಇದು" ಅಂದ. ಅಪ್ಪ ಮರುಮಾತಾಡಲಿಲ್ಲ. ಚಿರತೆಯ ಮೈಯ ಹಾಗೆ ಅಲ್ಲಲ್ಲಿ ಚುಕ್ಕೆ ಇದ್ದರೆ ಹಿಟ್ಟು ಹುದುಗಿದೆ, ಒಲೆ ಕಾದಿದೆ ಅಂತ ಅರ್ಥ. ಫೋರ್ಕಿನಿಂದ ತಳ ಎತ್ತಿ ನೋಡಿ: ಅಲ್ಲೂ ಚುಕ್ಕೆ ಚುಕ್ಕೆಯಾಗಿ ಕಂದಿದ್ದರೆ ಸರಿ. ತಳವೆಲ್ಲ ಒಂದೇ ಸಮ ಕಪ್ಪಾಗಿ ಕಹಿ ಹೊಡೆದರೆ ಅದು ನಿಜವಾಗಿ ಸೀದದ್ದು, ಅಥವಾ ತಟ್ಟುವಾಗ ಉದುರಿಸಿದ ಹಿಟ್ಟು ಒಲೆಯ ನೆಲದಲ್ಲಿ ಉಳಿದು ಕರಕಾದದ್ದು. ಅಂಚನ್ನು ಒಂದು ಕಡೆ ಹರಿದು ನೋಡಿ. ಒಳಗೆ ಜೇನುಗೂಡಿನ ಹಾಗೆ ದೊಡ್ಡದು ಚಿಕ್ಕದು ತೂತುಗಳಿರಬೇಕು, ಬೆರಳಲ್ಲಿ ಒತ್ತಿದರೆ ಮತ್ತೆ ಮೇಲೇಳಬೇಕು. ತೂತಿನ ಬದಲು ಬಿಳಿ ಹಸಿ ಹಿಟ್ಟು ಬೆರಳಿಗೆ ಅಂಟಿದರೆ ಬೆಂದಿಲ್ಲ. ಕರಕಾದ ತಳ, ಹಸಿ ಅಂಚು, ತಣ್ಣಗಾಗಿ ಬಂದದ್ದು, ಈ ಮೂರಕ್ಕೆ ವಾಪಸ್ ಕಳಿಸಿ. ಮರುಮಾತಿಲ್ಲದೆ ಬೇರೆ ಮಾಡಿಕೊಡಬೇಕು.

ನಡುಭಾಗ ಮೆತ್ತಗಿದೆ, ಎತ್ತಿದರೆ ಜೋತುಬೀಳುತ್ತದೆ ಅನ್ನುವುದು ವಾಪಸ್ ಕಳಿಸುವ ಕಾರಣವಲ್ಲ. ಇದು ಇರುವುದೇ ಹಾಗೆ. ನಜರ್‌ಬಾದಿನ ಮೈಲಾರಿ ದೋಸೆ ಬೆಣ್ಣೆಯಲ್ಲಿ ಮೆತ್ತಗಿರುತ್ತದೆ ಅಂತ ಯಾರಾದರೂ ದೂರುತ್ತಾರೆಯೇ? ಗರಿಗರಿ ಬೇಕಾದವರು ಬೇರೆ ಹೋಟೆಲಿಗೆ ಹೋಗುತ್ತಾರೆ.

ತಿನ್ನುವ ಬಗೆ ಎರಡು. ತಟ್ಟೆಯಲ್ಲಿ ಕೊಟ್ಟರೆ ಇಟಲಿಯವರೂ ಚಾಕು ಫೋರ್ಕಿನಲ್ಲೇ ತಿನ್ನುತ್ತಾರೆ, ನಡುವಿನಿಂದ ಹೊರಕ್ಕೆ. ಬೀದಿಯಲ್ಲಿ ನಿಂತು ತಿನ್ನುವಾಗ ಸ್ವಲ್ಪ ಚಿಕ್ಕ ಪಿಜ್ಜಾವನ್ನು ನಾಲ್ಕಾಗಿ ಮಡಚಿ ಕಾಗದದಲ್ಲಿ ಹಿಡಿದುಕೊಳ್ಳುತ್ತಾರೆ, ಜೇಬಿನ ಪರ್ಸಿನ ಹಾಗೆ ಮಡಚುವುದು ಅಂತ ಅದಕ್ಕೆ ಹೆಸರು. ಹೋಳಿಗೆ ಮಡಚಿ ತಿಂದ ಕೈಗೆ ಇದು ತಾನೇ ಬರುತ್ತದೆ. ನನಗೆ ಕಂಡಂತೆ ನಮಗೆ ಸುಲಭದ ದಾರಿ ಇದು: ಕತ್ತರಿಸದೆ ತರಲು ಹೇಳಿ, ಮೇಜಿನ ಮೇಲೆ ನೀವೇ ಕತ್ತರಿಸಿ, ತುಂಡಿನ ಚೂಪು ತುದಿಯನ್ನು ಒಳಕ್ಕೆ ಮಡಚಿ, ಎರಡು ಪಕ್ಕವನ್ನು ಸೇರಿಸಿ ಹಿಡಿದು ಬಾಯಿಗಿಡಿ. ಮೊದಲೇ ಎಂಟು ಹೋಳು ಮಾಡಿ ತಂದರೆ ಕತ್ತರಿಸಿದ ಗೀಟಿನಲ್ಲಿ ರಸವೆಲ್ಲ ಕೆಳಗಿಳಿದು ತಳ ನೆನೆಯುತ್ತದೆ.

ಕೆಚಪ್ ಕೇಳಿದರೆ ಕೆಲವು ಕಡೆ ಹುಬ್ಬು ಮೇಲೇರಿಸುತ್ತಾರೆ. ಏರಿಸಲಿ ಬಿಡಿ. ನಮ್ಮ ನಾಲಗೆಗೆ ಹುಳಿ ಖಾರ ಬೇಕು, ಟೊಮೆಟೊವಾಗಲಿ ಮೆಣಸಿನಕಾಯಿಯಾಗಲಿ ಅವರಿಗೂ ನಮಗೂ ಅಮೆರಿಕ ಖಂಡದಿಂದ ಬಂದದ್ದೇ. ಮೊದಲ ಎರಡು ತುತ್ತು ಮಾತ್ರ ಏನೂ ಹಾಕದೆ ತಿನ್ನಿ. ಆಮೇಲೂ ಖಾರ ಬೇಕೆನಿಸಿದರೆ ಮೆಣಸಿನಕಾಯಿ ನೆನೆಸಿದ ಎಣ್ಣೆ ಕೇಳಿ, ಕೆಚಪ್ಪಿಗಿಂತ ಅದು ಹೊಂದುತ್ತದೆ. ಅಂಚನ್ನು ತಟ್ಟೆಯಲ್ಲೇ ಬಿಡುವ ಮಕ್ಕಳಿಗೆ ಆ ಎಣ್ಣೆಯನ್ನೋ, ತಟ್ಟೆಯಲ್ಲಿ ಉಳಿದ ಟೊಮೆಟೊ ರಸವನ್ನೋ ಅದ್ದಿ ಕೊಡಿ. ಎರಡು ದಿನ ಹುದುಗಿದ ಹಿಟ್ಟಿನ ರುಚಿಯೆಲ್ಲ ಇರುವುದು ಅಲ್ಲೇ, ಬಿಟ್ಟರೆ ನಷ್ಟ.

ಬಿಲ್ಲು

ಜಿಎಸ್‌ಟಿ ಶೇಕಡಾ 5, ಎರಡೂವರೆ ಎರಡೂವರೆ ಅಂತ ಎರಡು ಸಾಲಿನಲ್ಲಿ ಬರುತ್ತದೆ. ಸರ್ವೀಸ್ ಚಾರ್ಜ್ ಅನ್ನುವ ಮೂರನೇ ಸಾಲಿದ್ದರೆ ಅದು ನಿಮ್ಮ ಇಷ್ಟಕ್ಕೆ ಬಿಟ್ಟದ್ದು. ಗ್ರಾಹಕರನ್ನು ಕೇಳದೆ ಅದನ್ನು ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. "ಇದನ್ನು ತೆಗೆದುಬಿಡಿ" ಅಂದರೆ ತೆಗೆಯಬೇಕು. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಹುಡುಗ ಚೆನ್ನಾಗಿ ನೋಡಿಕೊಂಡಿದ್ದರೆ ಟಿಪ್ಸನ್ನು ಅವನ ಕೈಗೇ ಕೊಡಿ.

ಮಿಕ್ಕಿದ್ದು

ಎಷ್ಟೇ ಲೆಕ್ಕ ಹಾಕಿದರೂ ಎರಡು ತುಂಡು ಮಿಗುತ್ತದೆ. ಡಬ್ಬ ಕಟ್ಟಿಸಿಕೊಂಡರೆ ಮಲಗಿಸಿಯೇ ತನ್ನಿ. ಆಮೇಲೆ ಮೈಕ್ರೋವೇವಿಗೆ ಹಾಕಬೇಡಿ, ಎಲಾಸ್ಟಿಕ್ ಆಗುತ್ತದೆ. ದೋಸೆ ಹೆಂಚನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆ ಹಾಕದೆ ತುಂಡನ್ನು ಇಡಿ. ಎರಡು ನಿಮಿಷಕ್ಕೆ ತಳ ಬಿಗಿಯಾಗುತ್ತದೆ. ಆಗ ಹೆಂಚಿನ ಅಂಚಿಗೆ, ಪಿಜ್ಜಾ ಮೇಲೆ ಬೀಳದ ಹಾಗೆ, ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಳ ಮುಚ್ಚಿ. ಆ ಹಬೆಗೆ ಮೇಲಿನ ಚೀಸ್ ಕರಗುತ್ತದೆ. ಇನ್ನೊಂದು ನಿಮಿಷ ಬಿಟ್ಟು ಮುಚ್ಚಳ ತೆಗೆದರೆ ತಳ ಗರಿಗರಿ, ಮೇಲೆ ಮೆತ್ತಗೆ. ನಮ್ಮ ಮನೆಯಲ್ಲಿ ಬೆಳಗಿನ ಕಾಫಿಗೆ ಇದು ಬೇಕೇ ಬೇಕು ಅನ್ನುವವರಿದ್ದಾರೆ. ಅಪ್ಪ ಅದರ ಮೇಲೆ ಚಟ್ನಿಪುಡಿ ಉದುರಿಸಿಕೊಳ್ಳುತ್ತಾರೆ.